ನಾನು ಯಾರು ಎಂದ ಮೇಷ್ಟ್ರು

"ಪೀಠಿಕೆ ಬೇಡ ಮೇಷ್ಟ್ರೇ. ಎದ್ದು ನಿಂತ ಕೂಡಲೇ ಜನರನ್ನ ಒಂದು ಪ್ರಶ್ನೆ ಕೇಳಿಬಿಡಿ" ಎಂದು ಭಾಷಣ ಕಲಿಸಲು ಬಂದ ತರಬೇತುದಾರರು ಹೇಳಿಕೊಟ್ಟದ್ದೇ ಅನಾಹುತಕ್ಕೆ ಮೂಲವಾಯಿತು.

ತತ್ತ್ವಶಾಸ್ತ್ರದ ಮೇಷ್ಟ್ರು ಬಾಯಿ ತೆರೆದರೆ ಪೀಠಿಕೆ ಮುಗಿಯುವ ಮೊದಲೇ ತರಗತಿಯ ಗಂಟೆ ಹೊಡೆಯುತ್ತಿತ್ತು. ಅವರ ತರಗತಿಯಲ್ಲಿ ಬೆಂಚುಗಳೂ ಆಕಳಿಸುತ್ತಿದ್ದವು. ವಿದ್ಯಾರ್ಥಿಗಳೇ ಸೇರದ ವಿಭಾಗವನ್ನು ಮುಚ್ಚುವ ಮಾತು ನಡೆದಾಗ, ಪ್ರಿನ್ಸಿಪಾಲರು ಪುರಭವನದಲ್ಲಿ ಮೇಷ್ಟ್ರ ಉಪನ್ಯಾಸವೊಂದನ್ನು ಇಟ್ಟು, ಆ ತರಬೇತುದಾರರನ್ನೂ ಕರೆಸಿದರು. "ಊರಿನ ಜನ ಮೆಚ್ಚಿದ್ರೆ ವಿಭಾಗ ಉಳೀತು. ಇಲ್ದಿದ್ರೆ ಬೀಗ."

ಉಪನ್ಯಾಸದ ದಿನ ಬೆಳಿಗ್ಗೆ ಮೇಷ್ಟ್ರು ಅಡುಗೆಮನೆಯಲ್ಲೇ ಅಭ್ಯಾಸ ಮಾಡಿದರು. ಎದೆಗೆ ಕೈಯಿಟ್ಟು, ಕಣ್ಣರಳಿಸಿ, "ನಾನು ಯಾರು?" ಎಂದರು.

"ಹಾಲು ತರ್ತೀನಿ ಅಂತ ಹೋಗಿ ಪೇಪರ್ ಹಿಡ್ಕೊಂಡು ಬಂದೋರು" ಎಂದರು ಹೆಂಡತಿ, ತಿರುಗಿಯೂ ನೋಡದೆ.

ಸಂಜೆ ಸಭೆ ಕಿಕ್ಕಿರಿದಿತ್ತು. ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ ಎದ್ದು ನಿಂತರು. ಹೇಳಿಕೊಟ್ಟಂತೆ ಕೇಳಿಯೇಬಿಟ್ಟರು: "ನಾನು ಯಾರು?"

ಪಕ್ಕದ ಮನೆಯ ನಿವೃತ್ತ ಕಾಂಪೌಂಡರು ಮುಂದಿನ ಸಾಲಿನಿಂದ ಗಾಬರಿಯಾಗಿ ಎದ್ದರು. "ನಮ್ಮ ಪಕ್ಕದ ಮನೆಯವರಲ್ವೇ ನೀವು! ನನ್ನ ಗುರುತು ಸಿಕ್ತಾ?"

ಜನ ಉತ್ತರ ಕೊಡುತ್ತಿದ್ದಾರಲ್ಲ ಎಂದು ಮೇಷ್ಟ್ರಿಗೆ ಹುರುಪೇರಿತು. "ಅದು ಮನೆಯ ಗುರುತಾಯ್ತು. ಈ ಕೈ ನನ್ನದು, ಈ ಕಾಲು ನನ್ನದು. ಹಾಗಾದ್ರೆ ನಾನು ಎಲ್ಲಿದ್ದೀನಿ?"

"ಅಯ್ಯಯ್ಯೋ, ಎಲ್ಲಿದ್ದೀನಿ ಅನ್ನೋದೂ ಮರೆತುಹೋಯ್ತು! ಹಿಡ್ಕೊಳ್ರಪ್ಪಾ!" ಎನ್ನುತ್ತ ಕಾಂಪೌಂಡರು ನಾಲ್ಕು ಜನರೊಂದಿಗೆ ವೇದಿಕೆಗೆ ನುಗ್ಗಿದರು.

"ಬಿಡಿ! ನಾನು ದೇಹ ಅಲ್ಲ!" ಎಂದು ಮೇಷ್ಟ್ರು ಕೂಗಿದಷ್ಟೂ ಹಿಡಿತ ಬಿಗಿಯಾಯಿತು. ಕಾಂಪೌಂಡರು ತರಿಸಿದ ಸ್ಟ್ರೆಚರಿನಲ್ಲಿ ಅವರನ್ನು ಹೊತ್ತೊಯ್ದರು; ಅದರ ಹಿಂದೆ, ಬೆಲ್ಲದ ಬೆನ್ನು ಹತ್ತಿದ ಇರುವೆಗಳಂತೆ, ಸಭೆಗೆ ಸಭೆಯೇ ಆಸ್ಪತ್ರೆಗೆ ನಡೆಯಿತು.

"ನೀವು ಯಾರು ಹೇಳಿ" ಎಂದರು ಡಾಕ್ಟರು.

"ಇಷ್ಟು ವರ್ಷದಿಂದ ಅದನ್ನೇ ಅಲ್ವೇ ನಾನು ಹುಡುಕ್ತಿರೋದು!"

ಡಾಕ್ಟರು ದೊಡ್ಡ ಸೂಜಿಯನ್ನೇ ಕೈಗೆತ್ತಿಕೊಂಡರು.

"ರೀ, ನಿಮ್ಮ ದಮ್ಮಯ್ಯ, ಹೆಸರು ಹೇಳ್ರೀ!" ಸುದ್ದಿ ಕೇಳಿ ಓಡಿಬಂದ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆ ಕಣ್ಣೀರಿನ ಮುಂದೆ ತತ್ತ್ವ ನಿಲ್ಲಲಿಲ್ಲ. ಮೇಷ್ಟ್ರು ತಮ್ಮ ಹೆಸರು ಹೇಳಿದರು. ಆಕೆಯ ಹೆಸರನ್ನೂ ಮೆಲ್ಲಗೆ ಹೇಳಿದರು. ಕರೆಯುವ ದನಿ ಇರುವ ಮನೆಯೇ ಭಾಗ್ಯದ ಮನೆ. "ದೇವರು ದೊಡ್ಡವನು" ಎಂದು ಆಕೆ ಉಸಿರುಬಿಟ್ಟರು.

ಅಷ್ಟರಲ್ಲಿ ಪ್ರಿನ್ಸಿಪಾಲರು ಏದುಸಿರು ಬಿಡುತ್ತ ಬಂದರು. ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸಿ, "ಬೀಗ ಹಾಕಿಬಿಡಿ ಸಾರ್" ಎಂದರು.

"ಬೀಗವೇ? ಹೊರಗೆ ಕೇಳಿ! ಊರಿಗೆ ಊರೇ 'ಹಾಗಾದ್ರೆ ನಾನ್ಯಾರು' ಅಂತ ಜಗಳಕ್ಕೆ ನಿಂತಿದೆ. ವಿಭಾಗ ಉಳೀತು ಮೇಷ್ಟ್ರೇ!"

ಮೇಷ್ಟ್ರ ಎದೆಯ ಮೇಲಿನ ಬಂಡೆ ಇಳಿದಂತಾಯಿತು. "ಹಾಗಾದ್ರೆ ನಾಳೆಯಿಂದ ಪಾಠ ಶುರು ಮಾಡ್ಲಾ?"

"ಪಾಠ ಇರಲಿ. ಇನ್ಮೇಲೆ ಪ್ರತಿ ಭಾನುವಾರ ನಿಮ್ಮ ಉಪನ್ಯಾಸ. ಮಾತು ಎಷ್ಟು ಬೇಕಾದ್ರೂ ಮೊಟಕು ಮಾಡ್ಕೊಳ್ಳಿ. ಹೊತ್ಕೊಂಡು ಹೋಗೋದು ಮಾತ್ರ ಹಾಗೇ ಇರಲಿ. ಜನಕ್ಕೆ ತುಂಬಾ ಹಿಡಿಸಿದೆ!"