ಬಾರದ ಬಸ್ಸಿನ ತೃಪ್ತ ಪ್ರಯಾಣಿಕರು

ನಮ್ಮ ಆನ್‌ಲೈನ್ ಟಿಕೆಟ್ ಸಂಸ್ಥೆಯಲ್ಲಿ ಅತೃಪ್ತ ಗ್ರಾಹಕರು ಇಲ್ಲ. ಇದನ್ನು ಹೆಮ್ಮೆಯಿಂದಲ್ಲ, ದಾಖಲೆಯ ಆಧಾರದಿಂದ ಹೇಳುತ್ತಿದ್ದೇನೆ. ತೃಪ್ತಿ ವಿಭಾಗದ ಎರಡನೇ ಗುಮಾಸ್ತನಾದ ನಾನೇ ಆ ದಾಖಲೆ ಬರೆಯುವವನು.

ಒಂದು ಸೋಮವಾರ ಬೆಳಿಗ್ಗೆ ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರು ಕಚೇರಿಗೆ ಬಂದರು. ಒಡಹುಟ್ಟಿದ ತಮ್ಮನೊಂದಿಗೆ ಅವರಿಗೆ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ಅಪ್ಪನ ಸೈಕಲ್ಲು ಯಾರಿಗೆ ಸೇರಬೇಕೆಂದು ಶುರುವಾದ ಜಗಳ. ಸೈಕಲ್ಲು ತುಕ್ಕು ಹಿಡಿದು ಗುಜರಿಗೆ ಹೋದರೂ ಜಗಳ ಗಟ್ಟಿಮುಟ್ಟಾಗಿತ್ತು. ಹೋದ ವಾರ ತಮ್ಮನೇ ಫೋನ್ ಮಾಡಿ, ಒಂದು ಸಲ ಬಂದು ಹೋಗು ಎಂದಿದ್ದರಂತೆ. ಹಿರಿಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಭಾನುವಾರ ಬೆಳಿಗ್ಗೆ ಆರಕ್ಕೆ ತಮ್ಮನ ಊರಿಗೆ ಹೋಗುವ ನಮ್ಮ ಬಸ್ಸಿಗಾಗಿ ನಿಂತರು. ಹತ್ತಾಯಿತು, ಹನ್ನೊಂದಾಯಿತು. ಬಸ್ಸು ಬರಲಿಲ್ಲ. ಮೊಬೈಲಿಗೆ ಸಂದೇಶ ಬಂತು: ‘ನಿಮ್ಮ ಪ್ರಯಾಣ ಸುಖವಾಗಿ ಮುಗಿದಿದೆ. ಎಷ್ಟು ಸ್ಟಾರ್ ಕೊಡುವಿರಿ?’

ನಮ್ಮ ವಿಭಾಗದ ಮುಖ್ಯಸ್ಥೆ ತಾಳ್ಮೆಯ ಹೆಂಗಸು. ಕಂಪ್ಯೂಟರ್ ನೋಡಿ ಹೇಳಿದರು: “ನೀವು ಆ ಊರು ತಲುಪಿದ್ದೀರಿ.”

“ನಾನು ಇಲ್ಲೇ ಕೂತಿದ್ದೀನಲ್ಲ ಮೇಡಂ.”

“ಅದು ವಾಪಸ್ ಬಂದ್ಮೇಲೆ. ವಾಪಸ್ ಬರೋಕೆ ನಮ್ಮಲ್ಲಿ ಟಿಕೆಟ್ ತಗೊಂಡಿಲ್ಲ ನೀವು. ಬೇರೆ ಕಂಪನಿ ಬಸ್ಸಲ್ಲಿ ಬಂದ್ರಾ?”

ಹಿರಿಯರು ಒಂದು ಕ್ಷಣ ತಪ್ಪು ಮಾಡಿದವರಂತೆ ತಲೆ ತಗ್ಗಿಸಿದರು.

ನಿಯಮ ಹದಿನೇಳರ ಪ್ರಕಾರ, ಊರು ತಲುಪಿಲ್ಲವೆಂಬ ದೂರನ್ನು ತಲುಪಬೇಕಾಗಿದ್ದ ಊರಿನ ಶಾಖೆಯಲ್ಲಿ ಖುದ್ದಾಗಿ ಹಾಜರಾಗಿ ಸಲ್ಲಿಸತಕ್ಕದ್ದು. ಅದನ್ನು ನಾನು ವಿವರಿಸಿದೆ. ಅಲ್ಲಿಗೆ ಹೋಗುವುದು ಹೇಗೆಂದು ಅವರು ಕೇಳಿದರು. ನಮ್ಮದೇ ಬಸ್ಸು ಇರುವುದಾಗಿ ತಿಳಿಸಿದೆ. ಹಾಗಾದರೆ ಒಂದು ಸ್ಟಾರ್ ಕೊಟ್ಟು ಹೋಗುತ್ತೇನೆ ಎಂದರು. ದುರದೃಷ್ಟವಶಾತ್, ಒಂದರಿಂದ ನಾಲ್ಕರವರೆಗಿನ ಸ್ಟಾರ್‌ಗಳು ದುರಸ್ತಿಯಲ್ಲಿದ್ದವು.

ಅಷ್ಟರಲ್ಲಿ ಬಾಗಿಲಲ್ಲಿ ಮತ್ತೊಬ್ಬರು ಕಾಣಿಸಿಕೊಂಡರು. ಅದೇ ಮೂಗು, ಅದೇ ಬಕ್ಕತಲೆ. ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ಸಂದಿಯಲ್ಲಿ ಕೂತು ಬಂದಿದ್ದರಿಂದ ಪ್ಯಾಂಟು ಮೊಣಕಾಲವರೆಗೆ ಒದ್ದೆ. ಪ್ರಯಾಣಿಕರ ಮನೆಯವರಿಗೂ ಸಂದೇಶ ಕಳಿಸುವುದು ನಮ್ಮ ಪದ್ಧತಿ. ‘ನಿಮ್ಮ ಅತಿಥಿ ಬಂದು ತಲುಪಿದ್ದಾರೆ’ ಎಂದು ತಮ್ಮನಿಗೂ ಹೋಗಿತ್ತು. ಅಣ್ಣನ ಅಂಗಡಿಗೆ ಬಂದು, ಬೀಗ ಕಂಡು, ಪಕ್ಕದವರು ಹೇಳಿದ ದಾರಿ ಹಿಡಿದು ಇಲ್ಲಿಗೆ ಬಂದಿದ್ದರು.

“ಬಸ್ ಬರ್ಲಿಲ್ಲ ಕಣೋ,” ಎಂದರು ಅಣ್ಣ, ಎದ್ದು ನಿಂತು.

“ನೀನು ಬಂದಿದ್ದೀಯ ಅಂತ ಮೆಸೇಜ್ ಬಂತಣ್ಣ. ಮನೆಯೆಲ್ಲ ಹುಡುಕ್ದೆ. ಹಿತ್ತಲಲ್ಲೂ ನೋಡ್ದೆ.” ತಮ್ಮ ಒಂದು ಹೆಜ್ಜೆ ಮುಂದೆ ಬಂದರು. “ನಿಂಗಿನ್ನೂ ಕೋಪ ಹೋಗಿಲ್ಲ, ಬಾಗಿಲಿಂದ್ಲೇ ತಿರುಗಿ ಹೋದೆ ಅಂದ್ಕೊಂಡೆ.”

ತಮ್ಮನ ಹೆಗಲ ಮೇಲೆ ಅಣ್ಣ ಕೈಯಿಟ್ಟರು. ‘ಗ್ರಾಹಕರ ಮೌನ, ಏಳು ನಿಮಿಷ’ ಎಂದು ನಾನು ದಾಖಲಿಸಿದೆ. ಕಣ್ಣೊರೆಸಿಕೊಂಡ ಬಳಿಕ, ಮುಖ್ಯಸ್ಥೆ ಮುಂದೆ ಹಿಡಿದ ಪರದೆಯ ಮೇಲೆ ಸರಿಯಾಗಿ ನೋಡದೆ ಐದೈದು ಸ್ಟಾರ್ ಒತ್ತಿ, ಇಬ್ಬರೂ ಜೊತೆಯಾಗಿ ಮೆಟ್ಟಿಲಿಳಿದರು.

ಗ್ರಾಹಕರ ತೃಪ್ತಿಗೆ ಕಾರಣಗಳೇನು ಎಂಬ ನಮ್ಮ ಅಧ್ಯಯನ ಆ ತಿಂಗಳೇ ಮುಗಿಯಬೇಕಿತ್ತು. ಬಸ್ಸು ಹತ್ತಿದವರೆಲ್ಲ ಹರಿದ ಸೀಟು, ಚಾಲಕನ ಹಾಡು, ಅವನ ಭಾವಮೈದುನನ ಹೋಟೆಲ್ ಮುಂದೆ ಮುಕ್ಕಾಲು ಗಂಟೆ ನಿಂತದ್ದು ಎಂದು ಪುಟಗಟ್ಟಲೆ ಬರೆದಿದ್ದರು. ಹತ್ತದ ಈ ಇಬ್ಬರಿಂದ ಮಾತ್ರ ಐದೈದರಂತೆ ಹತ್ತು ಸ್ಟಾರ್ ಬಂದಿತ್ತು. ತೃಪ್ತಿಗೆ ಇರುವ ಮುಖ್ಯ ಅಡ್ಡಿ ಬಸ್ಸೇ ಎಂದು ವರದಿ ನಿರ್ಣಯಿಸಿತು. ಪ್ರಕಟಣೆ ಹೊರಬಿತ್ತು: ‘ಗ್ರಾಹಕರ ಹಿತದೃಷ್ಟಿಯಿಂದ ಒಂದನೇ ತಾರೀಖಿನಿಂದ ಎಲ್ಲ ಬಸ್ಸುಗಳನ್ನು ಹಿಂಪಡೆಯಲಾಗುವುದು. ಟಿಕೆಟ್ ಮಾರಾಟ ಯಥಾಪ್ರಕಾರ ಮುಂದುವರಿಯುವುದು.’

ಮೊದಮೊದಲು ನಾಲ್ಕು ಜನ ಗೊಣಗಿದರು. ಆಮೇಲೆ ಒಗ್ಗಿಹೋಯಿತು. ಬರುವುದೇ ಇಲ್ಲವೆಂದ ಮೇಲೆ ತಡವಾಗುವ ಪ್ರಶ್ನೆಯೇ ಇಲ್ಲವೆಂದು ಜನರೇ ಒಬ್ಬರಿಗೊಬ್ಬರು ತಿಳಿಹೇಳತೊಡಗಿದರು.

ಮೊನ್ನೆ ಒಬ್ಬ ವಕೀಲರೂ ಒಬ್ಬ ದರ್ಜಿಯೂ ಕಿಟಕಿ ಪಕ್ಕದ ಒಂದೇ ಸೀಟಿಗೆ ಜಿದ್ದಿಗೆ ಬಿದ್ದು, ಕೌಂಟರಿನ ಮುಂದೆ ಒಬ್ಬರ ಕಾಲರ್ ಒಬ್ಬರು ಹಿಡಿದರು. ಮುಖ್ಯಸ್ಥೆ ಇಬ್ಬರಿಗೂ ಅದೇ ಸೀಟು ಕೊಟ್ಟರು. ಆ ಕಡೆ ಬಿಸಿಲು ಬೀಳುವುದಿಲ್ಲ ತಾನೆ ಎಂದು ಕೇಳಿ ಖಚಿತಪಡಿಸಿಕೊಂಡು, ಇಬ್ಬರೂ ಮನೆಗೆ ಹೋದರು.