ದೊಡ್ಡಮ್ಮನ ಸಿಟ್ಟು ಮತ್ತು ಕೇಸ್ ಶೀಟು

ನಮ್ಮ ದೊಡ್ಡಮ್ಮನಿಗೆ ಆಗಾಗ ಸಿಟ್ಟು ಬರುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಹೋದರೆ ತಾನೇ ಮತ್ತೆ ಬರುವುದು? ಹಾನುಬಾಳಿನ ಸಣ್ಣ ಆಸ್ಪತ್ರೆಯೊಂದರಲ್ಲಿ ಅವರು ಹಿರಿಯ ನರ್ಸು, ನಾನು ಅವರ ಕೈಕೆಳಗಿನ ಸಹಾಯಕಿ. ರೋಗಿಗಳ ಮೇಲೆ ಅವರು ರೇಗಿದವರಲ್ಲ. ರೇಗುತ್ತಿದ್ದದ್ದು ಕೇಸ್ ಶೀಟಿನಲ್ಲಿ ನಾವು ಬರೆದದ್ದನ್ನು ಓದಿ.

ಒಮ್ಮೆ ನಾನು ‘ರೋಗಿ ಆರಾಮಾಗಿದ್ದಾರೆ’ ಎಂದು ಬರೆದೆ. ಹಾಳೆ ಹಿಡಿದೇ ಬಂದರು.

“ಆರಾಮು ಅಂತ ಯಾರೇ ಹೇಳಿದ್ರು ನಿಂಗೆ?”

“ನೋಡಿದ್ರೆ ಹಂಗೇ ಕಾಣ್ತಾರಲ್ಲ ದೊಡ್ಡಮ್ಮ.”

“ನೀನೂ ಬುದ್ಧಿವಂತೆ ಥರಾನೇ ಕಾಣ್ತೀಯ. ನಾನೇನು ಹಂಗಂತ ಬರೆದಿದ್ದೀನಾ? ಜ್ವರ ಎಷ್ಟೈತೆ, ಉಂಡ್ರಾ, ಎಲ್ಲಿ ನೋವು ಅಂದ್ರು, ಅದನ್ನ ಬರಿ.”

ಇನ್ನೊಬ್ಬ ಸಹಾಯಕಿ ಊಟದ ಅವಸರಕ್ಕೆ, ಕೊಡದ ಮಾತ್ರೆಯನ್ನು ಕೊಟ್ಟಾಯಿತೆಂದು ಮೊದಲೇ ಬರೆದಿಟ್ಟಳು. ದೊಡ್ಡಮ್ಮ ಅವಳ ತಟ್ಟೆ ಎತ್ತಿಟ್ಟು, “ಊಟ ಆತು ಅಂತ ಬರ್ಕೋ. ಹೊಟ್ಟೆ ತುಂಬ್ತದಾ ನೋಡಾಣ” ಎಂದರು.

ಇಂಥವರೇ ಒಂದು ಬೆಳಿಗ್ಗೆ, ಪಕ್ಕದ ಹಾಸಿಗೆಯವನ ಇಂಜೆಕ್ಷನ್ನನ್ನು ಒಬ್ಬ ಎಸ್ಟೇಟ್ ಆಳಿಗೆ ಚುಚ್ಚಿಬಿಟ್ಟರು. ಕೂಡಲೇ ಗೊತ್ತಾಗಿ ಡಾಕ್ಟರನ್ನು ಕರೆದರು. ಆಮೇಲೆ ಆದದ್ದನ್ನು ಆದ ಹಾಗೆಯೇ ಬರೆದು ಸಹಿ ಹಾಕಿದರು.

ಆಸ್ಪತ್ರೆಯ ಮ್ಯಾನೇಜರು ಓಡಿ ಬಂದರು. “ಸಿಸ್ಟರ್, ಮನುಷ್ಯ ಚೆನ್ನಾಗೇ ಅವ್ನಲ್ಲ. ಆ ಹಾಳೆ ಹರಿದು ಬೇರೆ ಬರೆದ್ಬುಡಿ.”

“ಹರಿದ್ರೆ ಅವನ ಮೈಗೆ ಹೋದ ಔಷಧಿ ಈಚೆ ಬತ್ತದಾ? ಮಧ್ಯಾಹ್ನದ ಸಿಸ್ಟರ್‌ಗೆ ಏನು ನೋಡ್ಕೋಬೇಕು ಅಂತ ಗೊತ್ತಾಗೋದು ಬ್ಯಾಡ್ವಾ?”

“ಕೆಲಸ ಹೋಗ್ತದೆ.”

“ಹೋಗ್ಲಿ. ಹಾಳೆ ಮುಟ್ಟಬ್ಯಾಡಿ.”

ರೋಗಿಯ ಹೆಂಡತಿಗೂ ತಾವೇ ಹೋಗಿ ಹೇಳಿದರು. ಅವಳು ವಾರ್ಡು ಅದುರುವಂತೆ ಕೂಗಾಡಿದಳು. “ನನ್ನ ಗಂಡನ್ನ ಕೊಲ್ಲಕ್ಕೆ ಹೊಂಟಿದ್ರಾ?” ಜನ್ಮವಿಡೀ ಬೈದವರು ಅಂದು ತಲೆ ತಗ್ಗಿಸಿ ಬೈಸಿಕೊಂಡರು.

ಮಧ್ಯಾಹ್ನ ಅವನಿಗೆ ತಲೆ ಸುತ್ತು ಬಂದು ಬಿಪಿ ಇಳಿಯಿತು. ಹಾಳೆ ಓದಿಕೊಂಡಿದ್ದ ಸಿಸ್ಟರ್ ಅವನ ಪಕ್ಕದಿಂದ ಕದಲಿರಲಿಲ್ಲ. ಡಾಕ್ಟರು ತಕ್ಷಣ ಬಂದರು. ಸಂಜೆಗೆ ಅವನು ಎದ್ದು ಕೂತು ಗಂಜಿ ಕುಡಿದ.

ಮರುದಿನ ದೊಡ್ಡಮ್ಮ ಇಂಜೆಕ್ಷನ್ ಟ್ರೇ ಮುಟ್ಟಲಿಲ್ಲ. ಬೇರೆ ನರ್ಸು ಹೋದಾಗ ಆ ಹೆಂಡತಿ ಗಂಡನ ತೋಳಿಗೆ ಕೈ ಅಡ್ಡ ಹಿಡಿದಳು.

“ನಿನ್ನೆ ಚುಚ್ಚಿದ್ರಲ್ಲ, ಆ ಸಿಸ್ಟರ್‌ನೇ ಕರೀರಿ. ತಪ್ಪಾದ್ರೆ ಅವ್ರು ಹೇಳ್ತಾರೆ.”

ದೊಡ್ಡಮ್ಮ ಬಂದರು. ಅವನ ಹೆಸರು ಕೇಳಿ, ಹಾಳೆ ನೋಡಿ, ಮತ್ತೊಮ್ಮೆ ಕೇಳಿದರು. ಸೂಜಿಯನ್ನು ತೋಳಿನ ಹತ್ತಿರ ತಂದವರು ಹಿಂದಕ್ಕೆ ತೆಗೆದು, ಮತ್ತೆ ಹಾಳೆಯತ್ತ ತಿರುಗಿದರು. ಆ ಹೆಂಗಸು ಅವರ ಬೆನ್ನ ಮೇಲೆ ಕೈಯಿಟ್ಟು, “ಆತು ಬುಡಿ ಅಕ್ಕ, ನಿಧಾನಕ್ಕೇ ಚುಚ್ಚಿ” ಎಂದಳು.