ಮಾಳಿಂಗಪ್ಪನ ಇಂಗ್ಲಿಷ್ ತಾಸು

ಹೆಣ್ಣಿನ ಊರಾದ ಮನಗೂಳಿಯಲ್ಲಿ ಯಾರೋ ಕಿವಿಯೂದಿದ ಒಂದು ಮಾತು ಮಾಳಿಂಗಪ್ಪನ ಮದುವೆಗೇ ಕುತ್ತು ತಂದಿತ್ತು. ತೊಂಬತ್ತೆಂಟರಲ್ಲಿ ಸಿಂದಗಿಯ ಕಾಲೇಜೊಂದರ ಬಿ.ಕಾಂ. ಇಂಗ್ಲಿಷ್ ಮಾಧ್ಯಮಕ್ಕೆ ಅವನು ಅರ್ಥಶಾಸ್ತ್ರ ಕಲಿಸುತ್ತಿದ್ದ. ಪುಸ್ತಕದ ಒಂದು ಸಾಲನ್ನು ಇಂಗ್ಲಿಷಿನಲ್ಲಿ ಓದುವುದು, ಉಳಿದ ತಾಸೆಲ್ಲ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು ಅವನ ಪದ್ಧತಿ. ಹುಡುಗರು ಪಾಸಾಗುತ್ತಿದ್ದರು, ಯಾರ ತಕರಾರೂ ಇರಲಿಲ್ಲ.

"ಹುಡುಗಿ ಸೋದರಮಾವ ಚಂದ್ರಾಮ ಬರಾಕತ್ತಾನ್ರಿ!" ಇತಿಹಾಸದ ರಾವಸಾಬ ಸ್ಟಾಫ್ ರೂಮಿಗೆ ಓಡಿ ಬಂದ. "ನೀವು ಖರೇನ ಇಂಗ್ಲಿಷ್‌ನಾಗ ಪಾಠ ಮಾಡ್ತೀರೋ ಇಲ್ಲೋ, ಕಿಡಕಿ ಹೊರಗ ನಿಂತು ಕೇಳ್ತಾನಂತ. ಇವತ್ತೊಂದಿನ ಬಾಯಾಗ ಕನ್ನಡ ಬರಬಾರದು. ಕೆಮ್ಮಿದ್ರೂ ಇಂಗ್ಲಿಷ್‌ನಾಗ ಕೆಮ್ಮರಿ!"

ಆ ಹುಡುಗಿ ಸುನೀತಾಳನ್ನು ನೋಡಿ ಬಂದಂದಿನಿಂದ ಮಾಳಿಂಗಪ್ಪನಿಗೆ ಊಟ ರುಚಿಸುತ್ತಿರಲಿಲ್ಲ. ಬಸವಣ್ಣನನ್ನು ನೆನೆದು ತರಗತಿಗೆ ಹೋದ. ಕಿಟಕಿಯಲ್ಲಿ ಬಿಳಿ ಟೋಪಿ ಕಂಡದ್ದೇ ತಡ, ಬೇಡಿಕೆಯ ನಿಯಮವನ್ನು ಇಂಗ್ಲಿಷಿನಲ್ಲೇ ಶುರುಮಾಡಿದ. ಹುಡುಗರು ಗುರುತಿಲ್ಲದ ಕುರುಬನ ಸಿಳ್ಳೆ ಕೇಳಿದ ಕುರಿಗಳಂತೆ ಮಿಕಿಮಿಕಿ ನೋಡಿದರು.

"ಸರ್, ತಿಳೀವಲ್ದರಿ. ನಮ್ಮ ಭಾಷಾದಾಗ ಹೇಳ್ರಿ," ಎಂದು ವಿದ್ಯಾವತಿ ಎದ್ದು ನಿಂತಳು.

"ಸಿಟ್ ಡೌನ್!"

ಆಮೇಲೆ ಅವನಿಗೇ ಅಚ್ಚರಿ. ಎಲ್ಲಿ ಅಡಗಿತ್ತೋ ಏನೋ, ಇಂಗ್ಲಿಷು ಕೆರೆ ಒಡೆದಂತೆ ಹರಿಯಿತು. ಗಂಟೆ ಹೊಡೆದರೂ ನಿಲ್ಲಲಿಲ್ಲ. ಯಂಕಂಚಿಯಲ್ಲಿ ಕುರಿ ಕಾಯ್ದವರ ಮಗ ಹೀಗೆ ಮಾತಾಡಬಲ್ಲನಲ್ಲ ಎಂದು ಅವನ ಎದೆ ಉಬ್ಬಿತು.

ಹೊರಗೆ ಚಂದ್ರಾಮ ಎರಡೂ ಕೈ ಮುಗಿದ. "ಒಂದ್ ಅಕ್ಷರ ತಿಳೀಲಿಲ್ಲ ಖರೆ, ಆದ್ರ ಎಂಥಾ ಇಂಗ್ಲಿಷ್‌ರಿ ನಿಮ್ಮದು!"

"ಹಂಗಾರ ಪೇಡೆ ತರಿಸ್ಲೇನ್ರಿ?" ಎಂದ ರಾವಸಾಬ.

"ಬ್ಯಾಡ್ರಿ. ಇಂಥಾವ್ರು ಸಿಂದಗ್ಯಾಗ ಎಷ್ಟ್ ದಿನ ಇರ್ತಾರ್ರಿ? ಇವತ್ತಿಲ್ಲ ನಾಳೆ ಲಂಡನ್ನಿಗೆ ಹಾರ್ತಾರ. ಇರೂ ಒಬ್ಬಾಕಿ ಮಗಳನ್ನ ಅಷ್ಟ್ ದೂರ ಕೊಡೂದಿಲ್ರಿ ನಮ್ಮಕ್ಕ."

ಮಾಳಿಂಗಪ್ಪ ಅವನ ಕೈ ಹಿಡಿದುಕೊಂಡ. "ಇಲ್ರಿ ಮಾವಾರ! ನಾ ದಿನಾ ಕನ್ನಡದಾಗ ಪಾಠ ಮಾಡ್ತೇನ್ರಿ. ಬೇಕಾದ್ರ ಹುಡುಗರನ್ನ ಕೇಳ್ರಿ!"

ಹೊರಗಿನವರೆದುರು ಗುರುವಿನ ಮಾನ ಬಿಟ್ಟುಕೊಡುವುದುಂಟೆ? ವಿದ್ಯಾವತಿ ಮುಂದೆ ಬಂದಳು. "ಸುಳ್ಳರಿ! ಕ್ಲಾಸಿನ್ಯಾಗ ನಮ್ಮ ಸರ್ ಇವತ್ತಿನತನಕ ಒಂದ್ ಕನ್ನಡ ಶಬ್ದ ಆಡಿಲ್ರಿ!"

"ಹೌದ್ರೀ!" ಎಂದು ಇಡೀ ತರಗತಿ ಹೆಮ್ಮೆಯಿಂದ ಒದರಿತು.

ಮಗನಿಗೆ ದುಃಖ, ತಾಯಿ ತಿಪ್ಪವ್ವನಿಗೆ ಹಿಗ್ಗೋ ಹಿಗ್ಗು. ಬಸ್ ಸ್ಟ್ಯಾಂಡಿನಲ್ಲಿ ಕಂಡಕಂಡವರಿಗೆಲ್ಲ ಹೇಳಿದಳು: "ನನ್ನ ಮಗನ ಇಂಗ್ಲಿಷ್ ಕೇಳಿ, ಲಂಡನ್ನಿಗೆ ಹಾರ್ತಾನಂತ ಅಂಜಿ ಮನಗೂಳಿಯವ್ರು ಓಡಿ ಹೋದ್ರವಾ!" ಆ ಮಾತು ಬಸ್ಸು ಹತ್ತಿ ಊರೂರು ತಿರುಗಿತು. ದೀಪ ಹಚ್ಚುವ ಹೊತ್ತಿಗೆ, ಮಾತುಕತೆ ನಡೆದಿದ್ದ ಇನ್ನೊಂದು ಸಂಬಂಧದವರು ತಾಳಿಕೋಟೆಯಿಂದ ಫೋನು ಮಾಡಿದರು.

"ಹುಡುಗ ಬಂಗಾರರಿ. ಆದ್ರ ನಮಗ ಲಂಡನ್ ದೂರ ಆಗ್ತೈತಿ."